ನಿಮ್ಮ ಕತೆಯ ತಪ್ಪು ನಿಮಗೇ ಕಾಣಬೇಕಾದರೆ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹೊಸಬರು ಕತೆ ಬರೆದು ನನಗೆ ಓದಲು ಕೊಡುತ್ತಾರೆ. ನನಗದು ಇಷ್ಟದ ಕೆಲಸ. ಕತೆ ಕೆಟ್ಟಿದ್ದರೆ ಕಾರಣ ಹೆಚ್ಚಾಗಿ ಒಂದೇ. ಬರೆದವರ ತಲೆಯಲ್ಲಿ ಇಡೀ ಕತೆ ಇರುತ್ತದೆ, ಕಾಗದಕ್ಕೆ ಅರ್ಧವೇ ಇಳಿದಿರುತ್ತದೆ. ಓದುವಾಗ ಉಳಿದದ್ದನ್ನು ತಲೆಯೇ ತುಂಬಿಸಿಕೊಳ್ಳುತ್ತದೆ. ಹಾಗಾಗಿ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ.

ಮೊದಲು ಕತೆಯನ್ನು ಒಂದು ತಿಂಗಳು ಮುಚ್ಚಿಡಿ. ಆಮೇಲೆ ಬೇರೆಯವರಿಂದ ಗಟ್ಟಿಯಾಗಿ ಓದಿಸಿ. ಸಾಹಿತಿಗಳೇ ಆಗಬೇಕೆಂದಿಲ್ಲ, ಪಕ್ಕದ ಮನೆಯವರು ಸಾಕು. ನೀವು ಪೆನ್ಸಿಲ್ ಹಿಡಿದು ಸುಮ್ನೆ ಕೂರಿ. ಅವರು ತಡವರಿಸಿದಲ್ಲಿ, ಹಿಂದಿನ ಸಾಲಿಗೆ ಹೋದಲ್ಲಿ ಗುರುತು ಹಾಕಿ. ನಡುವೆ ಬಾಯಿ ಹಾಕಿ ಅರ್ಥ ಹೇಳಬೇಡಿ. ಮುಗಿದ ಮೇಲೆ "ಹೇಗಿದೆ?" ಎಂದರೆ "ಲಾಯ್ಕಿದೆ" ಎನ್ನುತ್ತಾರೆ, ಅಷ್ಟೆ. "ಕತೆಯಲ್ಲಿ ಎಂತ ಆಯ್ತು, ಹೇಳಿ" ಎನ್ನಿ. ಅವರ ಬಾಯಲ್ಲಿ ಬರದೇ ಹೋದದ್ದನ್ನು ಮತ್ತೆ ಬರೆಯಬೇಕು, ಇಲ್ಲವೇ ಕಿತ್ತು ಹಾಕಬೇಕು.

ಮಾತುಗಳನ್ನು ಬೇರೆಯಾಗಿಯೇ ನೋಡಿ. ನಮ್ಮವರು ಜಾಸ್ತಿ ಎಡವುವುದು ಇಲ್ಲಿ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಆಡುವ ಅಜ್ಜಿ, ಕತೆಯಲ್ಲಿ "ಮಗುವೇ, ಎಲ್ಲಿಗೆ ಹೋಗುತ್ತಿರುವೆ?" ಎನ್ನುತ್ತಾಳೆ. ಕಾಸರಗೋಡಿನ ಬಸ್ಸಿನ ಕಂಡಕ್ಟರೂ ಹಾಗೇ ಮಾತಾಡುತ್ತಾನೆ! ಪುಟಗಟ್ಟಲೆ ಮಲಯಾಳ ಬರೆಯಿರಿ ಎಂದಲ್ಲ. "ಕಂಡಕ್ಟರ್ ಮಲಯಾಳದಲ್ಲಿ ಕೇಳಿದ, ಅವಳು ಕನ್ನಡದಲ್ಲೇ ಉತ್ತರಿಸಿದಳು" ಎಂದರೆ ಸಾಕು, ಹುಡುಗಿಯ ಸ್ವಭಾವವೂ ಬಂತು, ಊರೂ ಬಂತು. ಇನ್ನೊಂದು, ಅಜ್ಜನಿಂದ ಭಾಷಣ ಮಾಡಿಸುವುದು. "1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು" ಎಂದು ಯಾವ ಅಜ್ಜ ಮೊಮ್ಮಗನಿಗೆ ಹೇಳುತ್ತಾನೆ? ಮಲಯಾಳದಲ್ಲಿ ಬಂದ ನೋಟಿಸನ್ನು ಅಜ್ಜ ಅವನ ಕೈಗೆ ಕೊಟ್ಟು "ಎಂತ ಬರೆದಿದ್ದಾರೆ, ನೋಡು ಮಾರಾಯ" ಎನ್ನಲಿ.

ನಿಮಗೆ ತುಂಬಾ ಹೆಮ್ಮೆ ತಂದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಅನುಮಾನ ಮೊದಲು ಅವುಗಳ ಮೇಲಿರಲಿ. ಒಬ್ಬ ಹುಡುಗ ಅಪ್ಪನ ಸಾವಿನ ಬಗ್ಗೆ ಬರೆದಿದ್ದ: "ಅವನ ಹೃದಯ ಛಿದ್ರಛಿದ್ರವಾಯಿತು. ಆಕಾಶವೂ ಅತ್ತಿತು." ಅವನಿಗೆ ಅದೇ ಕತೆಯ ಜೀವ. ನಾಲ್ಕು ಸಾಲು ಕೆಳಗೆ ಇನ್ನೊಂದಿತ್ತು: "ಅಂಗಳದ ಅಡಿಕೆಯನ್ನು ಯಾರೂ ಒಳಗೆ ತರಲಿಲ್ಲ. ಎಲ್ಲ ಒದ್ದೆಯಾಯಿತು." ವರ್ಷದ ದುಡಿಮೆ ಮಳೆಗೆ ನೆನೆಯುತ್ತಿದ್ದರೂ ಮನೆಯಲ್ಲಿ ಯಾರೂ ಏಳಲಿಲ್ಲ ಎಂದರೆ ದುಃಖ ಎಷ್ಟಿರಬೇಕು! ಆ ಸಾಲಿನ ಬೆಲೆ ಬರೆದವನಿಗೇ ಗೊತ್ತಿರಲಿಲ್ಲ. ಮೊದಲಿನ ಎರಡನ್ನು ಹೊಡೆದು ಹಾಕಿಸಿದೆ.

ಊರಿನ ವಿವರ ಸರಿಯಿದೆಯೇ ನೋಡಿ. ಬಾಯಾರಿನ ಗುಡ್ಡದ ಮನೆಗೆ ನೀರು ಮುರಕಲ್ಲು ಕೊರೆದ ಸುರಂಗದಿಂದ ಬರುತ್ತಿದ್ದರೆ, ನಾಯಕಿಯನ್ನು ಕೊಡ ಹಿಡಿಸಿ ನದಿಗೆ ಯಾಕೆ ಕಳಿಸುತ್ತೀರಿ?

ಕಾಗುಣಿತ, ತಲೆಬರಹ ಕೊನೆಗೆ ಸಾಕು. ತಿದ್ದಿದ ಪ್ರತಿಯನ್ನು ಮಾತ್ರ ಮೊದಲು ಓದಿದವರಿಗೇ ಕೊಡಬೇಡಿ, ಕತೆ ಈಗ ಅವರ ತಲೆಯಲ್ಲೂ ಇದೆ ಅಲ್ವಾ. ಇನ್ನೊಂದು ಮನೆಯವರನ್ನು ಹುಡುಕಿ.