ಸಿನಿಮಾ ಮೊದಲು, ಪುಸ್ತಕ ಆಮೇಲೆ

ನಮ್ಮಮ್ಮನ ಟ್ರಂಕಿನ ತಳದಲ್ಲಿ ಹಾಡಿನ ಪುಸ್ತಕಗಳ ಒಂದು ಕಟ್ಟು ಇತ್ತು. ಈಗಿನ ಮಕ್ಕಳಿಗೆ ಹಾಡಿನ ಪುಸ್ತಕ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಟಾಕೀಸಿನ ಹೊರಗೆ, ಕಡಲೆಕಾಯಿ ಮಾರುವವರ ಪಕ್ಕದಲ್ಲೇ, ಆ ಸಿನಿಮಾದ ಹಾಡುಗಳನ್ನೆಲ್ಲ ಅಚ್ಚು ಹಾಕಿದ ತೆಳ್ಳನೆಯ ಪುಸ್ತಕ ಮಾರುತ್ತಿದ್ದರು. ಮೇಲೆ ನಾಯಕ ನಾಯಕಿಯ ಚಿತ್ರ, ಒಳಗೆ ಪಾತ್ರಧಾರಿಗಳ ಪಟ್ಟಿ, ಆಮೇಲೆ ಕಥಾಸಾರ. ಕಥೆ ಚೆನ್ನಾಗಿ ಏರುತ್ತಾ ಹೋಗಿ, ಇನ್ನೇನೋ ಆಗಬೇಕು ಅನ್ನುವಷ್ಟರಲ್ಲಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ನಿಂತುಬಿಡುತ್ತಿತ್ತು. ನನಗೆ ಆಗ ಏಳೋ ಎಂಟೋ ವರ್ಷ. ಅರ್ಧ ಕಥೆ ಓದಿ ಉಳಿದರ್ಧ ನಾನೇ ಕಟ್ಟುತ್ತಿದ್ದೆ. ನನ್ನ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಲ್ಲರಿಗೂ ಮದುವೆ ಆಗುತ್ತಿತ್ತು.

ನಾನು ಓದಿನ ಹುಚ್ಚಿಗೆ ಬಿದ್ದದ್ದು ಹೀಗೆ, ಸಿನಿಮಾದ ಬಾಗಿಲಿನಿಂದ. ಓದುವ ಗೆಳೆಯರ ನಡುವೆ ಇದನ್ನು ಹೇಳಿದರೆ ಒಂದು ನಗು ಬರುತ್ತದೆ. ‘ಅಯ್ಯೋ, ಮೊದಲು ಕಾದಂಬರಿ ಓದಬೇಕಿತ್ತು ಕಣೇ, ಸಿನಿಮಾ ನೋಡಿ ಹಾಳು ಮಾಡಿಕೊಂಡೆ’ ಅನ್ನುತ್ತಾರೆ. ಮೂವತ್ತು ವರ್ಷದಿಂದ ನಾನು ಇದನ್ನು ತಿರುಗಾಮುರುಗಾ ಮಾಡಿಕೊಂಡೇ ಬಂದಿದ್ದೇನೆ. ಕಾರಣ ತುಂಬಾ ಸರಳ. ನನ್ನ ಕೆಲಸ ಲೆಕ್ಕ ನೋಡುವುದು. ದಿನವಿಡೀ ಈ ಕಡೆಯ ಅಂಕಿಗೂ ಆ ಕಡೆಯ ಅಂಕಿಗೂ ತಾಳೆ ನೋಡುತ್ತೇನೆ. ಪುಸ್ತಕ ಓದಿಕೊಂಡು ಸಿನಿಮಾಗೆ ಹೋದರೆ ಅಲ್ಲೂ ಅದೇ ಕೆಲಸ ಶುರುವಾಗುತ್ತದೆ. ಈ ಪಾತ್ರ ಎಲ್ಲಿ ಹೋಯಿತು, ಆ ಮಾತು ಯಾಕೆ ಬಿಟ್ಟರು, ಇವಳ ಸೀರೆ ಹಸಿರು ಇರಬೇಕಿತ್ತಲ್ಲ. ಟಿಕೆಟ್ ದುಡ್ಡು ಕೊಟ್ಟು ಲೆಕ್ಕ ತಪಾಸಣೆ ಮಾಡಿದ ಹಾಗೆ! ಸಿನಿಮಾ ಮೊದಲು ನೋಡಿ ಆಮೇಲೆ ಓದಿದರೆ ಹಾಗಾಗುವುದಿಲ್ಲ. ಸಿನಿಮಾದಲ್ಲಿ ಮುಗಿದುಹೋಯಿತು ಅಂದುಕೊಂಡ ಮನೆಗೆ ಹಿತ್ತಿಲ ಬಾಗಿಲು ಇತ್ತು, ಆಚೆ ಎರಡು ಕೋಣೆ ಇತ್ತು ಅಂತ ಗೊತ್ತಾಗುತ್ತದೆ.

ಈ ರೂಢಿ ಗಟ್ಟಿಯಾದದ್ದು ಕಾಲೇಜಿನ ದಿನಗಳಲ್ಲಿ, ‘ಗೈಡ್’ನಿಂದ. 1965ರ ಹಿಂದಿ ಸಿನಿಮಾ, ದೇವಾನಂದ್, ವಹೀದಾ ರೆಹಮಾನ್. ದೂರದರ್ಶನದಲ್ಲಿ ನೋಡಿದೆ. ಕೊನೆಗೆ ರಾಜು ಊರಿಗಾಗಿ ಉಪವಾಸ ಕೂರುತ್ತಾನೆ, ಮಳೆ ಬರುತ್ತದೆ, ಅವನು ಹೋಗಿಬಿಡುತ್ತಾನೆ. ಅಮ್ಮನೂ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಇದು ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಾದಂಬರಿ, 1958ರಲ್ಲಿ ಬಂದದ್ದು, ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಪಕ್ಕದ ಊರಿನವರು ಬರೆದ ಕಥೆಗೆ ನಾವು ಹಿಂದಿಯಲ್ಲಿ ಅತ್ತಿದ್ದೆವು! ಲೈಬ್ರರಿಯಿಂದ ಇಂಗ್ಲಿಷ್ ಪುಸ್ತಕ ತಂದೆ. ಓದುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಸುಮ್ನೆ ಎರಡು ಊಹೆ ಬರೆದುಕೊಂಡೆ. ಒಂದು, ಹಾವಾಡಿಗರ ನಡುವೆ ವಹೀದಾ ಕುಣಿಯುವುದು ಪುಸ್ತಕದಲ್ಲಿ ಇರಲಾರದು, ಅದು ಸಿನಿಮಾದವರ ಮಸಾಲೆ. ಎರಡು, ಕೊನೆಯ ಮಳೆ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಅದಿಲ್ಲದೆ ಕಥೆಯೇ ಇಲ್ಲ.

ಎರಡೂ ತಪ್ಪಾದವು. ಪುಸ್ತಕದ ರೋಸಿ ನಾಗರಹಾವು ಆಡುವುದನ್ನು ನೋಡಬೇಕು ಅಂತ ತಾನಾಗಿಯೇ ಕೇಳುತ್ತಾಳೆ. ಹಾವು ಹೆಡೆಯಾಡಿಸುವುದನ್ನು ನೋಡುತ್ತಾ ನೋಡುತ್ತಾ ಅವಳ ಕೈಯೂ ಮೈಯೂ ಒಂದು ಕ್ಷಣ ಹಾಗೇ ತೂಗುತ್ತವೆ. ಅಷ್ಟೇ. ಆ ಒಂದು ಕ್ಷಣದಲ್ಲಿ ಇವಳು ನರ್ತಕಿ ಅಂತ ರಾಜುವಿಗೆ ಗೊತ್ತಾಗುತ್ತದೆ. ಸಿನಿಮಾದವರು ಅದನ್ನು ಹಿಗ್ಗಿಸಿದ್ದರು, ಕಟ್ಟಿದ್ದಲ್ಲ.

ಇನ್ನು ಮಳೆ. ಕೊನೆಯ ಪುಟದಲ್ಲಿ ನಿತ್ರಾಣನಾದ ರಾಜುವನ್ನು ನೀರಿಗೆ ಇಳಿಸುತ್ತಾರೆ. ಬೆಟ್ಟದಲ್ಲಿ ಮಳೆ ಬರುತ್ತಿದೆ, ಅದು ನನ್ನ ಕಾಲಡಿಗೆ ಗೊತ್ತಾಗುತ್ತಿದೆ ಅನ್ನುತ್ತಾನೆ. ಕುಸಿಯುತ್ತಾನೆ. ಅಲ್ಲಿಗೆ ನಿಂತಿತು. ಮಳೆ ಬಂತಾ? ಅವನು ಬದುಕಿದನಾ? ನಾನು ಪುಟ ತಿರುಗಿಸಿದೆ. ಬರೀ ರಟ್ಟು. ಬೆನ್ನು ನೋಡಿದೆ, ದಾರ ಸಡಿಲವಾಗಿತ್ತು. ಸರಿ, ಹಾಳೆ ಕಿತ್ತುಹೋಗಿದೆ! ಮಾರನೇ ದಿನ ಲೈಬ್ರರಿಗೆ ಹೋಗಿ ಸ್ವಲ್ಪ ಜೋರಾಗಿಯೇ ಕೇಳಿದೆ, ‘ಕೊನೇ ಹಾಳೆ ಇಲ್ಲದ ಪುಸ್ತಕ ಯಾಕೆ ಕೊಡ್ತೀರಾ ಸಾರ್?’ ಅಲ್ಲಿದ್ದವರು ಏನೂ ಮಾತಾಡದೆ ಒಳಗಿನಿಂದ ಇನ್ನೊಂದು ಪ್ರತಿ ತಂದು, ಕೊನೆಯ ಪುಟ ತೆಗೆದು ನನ್ನ ಮುಂದೆ ಇಟ್ಟರು. ಅದೂ ಅಲ್ಲೇ ಮುಗಿದಿತ್ತು. ‘ಪುಸ್ತಕ ಅಷ್ಟೇ ಅಮ್ಮಾ’ ಅಂದರು. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಮನೆಗೆ ಬಂದು ಆ ಪುಟವನ್ನು ಎಷ್ಟು ಸಲ ಓದಿದೆನೋ. ಸಿನಿಮಾ ಮೊದಲು ನೋಡಿರದಿದ್ದರೆ ಆ ಇಲ್ಲದ ಮಳೆಯನ್ನು ನಾನು ಗಮನಿಸುತ್ತಲೇ ಇರಲಿಲ್ಲ ಅನಿಸುತ್ತದೆ. ಹೀಗೂ ಮುಗಿಯಬಹುದು ಅಂತ ಓದಿ ಮುಂದೆ ಹೋಗುತ್ತಿದ್ದೆ. ಸಿನಿಮಾ ಸುರಿಸಿದ ಮಳೆಯಿಂದಾಗಿ ಪುಸ್ತಕದ ಬಿಸಿಲು ಕಣ್ಣಿಗೆ ಹೊಡೆಯಿತು.

ನಾರಾಯಣ್ ಅವರಿಗೆ ಸಿನಿಮಾ ಹಿಡಿಸಿರಲಿಲ್ಲ. ದಾರಿ ತಪ್ಪಿದ ಗೈಡ್ ಅನ್ನುವ ಅರ್ಥದ ತಲೆಬರಹ ಕೊಟ್ಟು ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಸಿನಿಮಾದವರನ್ನು ಮೈಸೂರಿನ ಸುತ್ತಮುತ್ತ ಕರೆದೊಯ್ದು ನದಿ, ಮೆಟ್ಟಿಲು, ಗುಡಿ ಎಲ್ಲ ತೋರಿಸಿದ್ದರಂತೆ. ಅವರು ಎಲ್ಲವನ್ನೂ ಮೆಚ್ಚಿಕೊಂಡು ಹೋಗಿ ರಾಜಸ್ಥಾನದಲ್ಲಿ ಶೂಟಿಂಗ್ ಮಾಡಿದರು. ಓದಿ ನಕ್ಕು ನಕ್ಕು ಸಾಕಾಯಿತು. ಲೇಖಕರ ಕೋಪ ನ್ಯಾಯವೇ. ಆದರೆ ನನ್ನ ಮಟ್ಟಿಗೆ ಎರಡು ಗೈಡ್ ಸಿಕ್ಕವು. ನಾನು ಯಾಕೆ ದೂರಲಿ?

ಆ ನೋಟ್‌ಬುಕ್ ಅಲ್ಲಿಂದ ಮುಂದುವರಿಯಿತು. ಈಗ ಐದನೆಯದು ನಡೆಯುತ್ತಿದೆ. ಸಿನಿಮಾ ನೋಡಿದ ರಾತ್ರಿಯೇ ನೆನಪಿದ್ದಷ್ಟು ಬರೆದುಕೊಳ್ಳುತ್ತೇನೆ. ಕಥೆ ಅಲ್ಲ, ಕಣ್ಣಿಗೆ ಅಂಟಿದ್ದು. ಒಂದು ಕಿಟಕಿ, ಒಂದು ಬೈಗುಳ, ಯಾರೋ ಕಾಫಿ ಲೋಟ ಹಿಡಿದ ರೀತಿ. ಕೆಳಗೆ ಎರಡು ಮೂರು ಊಹೆ. ಆಮೇಲೆ ಹದಿನೈದು ದಿನ ಪುಸ್ತಕ ಮುಟ್ಟುವುದಿಲ್ಲ. ಸಿನಿಮಾ ಸ್ವಲ್ಪ ಆರಬೇಕು. ಬಿಸಿಬಿಸಿ ಇರುವಾಗಲೇ ಓದಿದರೆ ಹಿನ್ನೆಲೆ ಸಂಗೀತ ಕಿವಿಯಲ್ಲಿ ಗುಂಯ್‌ಗುಡುತ್ತಾ ಇರುತ್ತದೆ. ಓದುವಾಗ ಪೆನ್ಸಿಲ್ ಜೊತೆಗಿರುತ್ತದೆ, ಲೈಬ್ರರಿ ಪುಸ್ತಕವಾದರೆ ಚೀಟಿ. ಬಿಟ್ಟದ್ದು, ಸೇರಿಸಿದ್ದು, ಬದಲಿಸಿದ್ದು ಅಂತ ಮೂರು ಗುರುತು. ಇದೂ ಲೆಕ್ಕ ಅಲ್ವಾ ಅನ್ನಬೇಡಿ. ಮನೆಯಲ್ಲಿ ಕೂತು ಮಾಡುವ ಲೆಕ್ಕದಿಂದ ಸಿನಿಮಾ ಕೆಡುವುದಿಲ್ಲ.

‘ನಾಗರಹಾವು’ ಪುಟಗಳು ಜಾಸ್ತಿ ಇವೆ. 1972ರ ಆ ಸಿನಿಮಾವನ್ನು ಪುಟ್ಟಣ್ಣ ಕಣಗಾಲ್ ಮಾಡಿದ್ದು ತ.ರಾ. ಸುಬ್ಬರಾಯರ ಒಂದು ಕಾದಂಬರಿಯಿಂದ ಅಲ್ಲ, ಮೂರರಿಂದ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ನನಗೆ ಗೊತ್ತಿರಲಿಲ್ಲ. ಮೊದಲನೆಯದನ್ನು ಮಾತ್ರ ತಂದು ಓದಿ, ಸಿನಿಮಾದ ಕಥೆ ಪೂರ್ತಿ ಸಿಗದೆ ಕಂಗಾಲಾದೆ. ಉಳಿದೆರಡು ಹುಡುಕಲು ವರ್ಷವೇ ಹಿಡಿಯಿತು. ತರಾಸು ಅವರಿಗೂ ಸಿನಿಮಾ ಸಮಾಧಾನ ತರಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರಂತೆ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಪುಸ್ತಕ ಓದಿದರೆ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಒಂದು ತೊಂದರೆ ಇದೆ. ಪುಸ್ತಕದಲ್ಲಿ ಚಾಮಯ್ಯ ಮೇಷ್ಟ್ರು ಬಾಯಿ ತೆರೆದರೆ ಕೇಳುವುದು ಅಶ್ವತ್ಥ್ ಅವರ ದನಿ. ಏನು ಮಾಡಿದರೂ ಬೇರೆ ದನಿ ಬರುವುದಿಲ್ಲ. ಮೊದಮೊದಲು ಇದು ನನ್ನ ಓದಿನ ಸೋಲು ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಒಳ್ಳೆಯ ನಟ ಪಕ್ಕದಲ್ಲಿ ಕೂತು ನನಗೊಬ್ಬಳಿಗೇ ಓದಿ ಹೇಳುತ್ತಿದ್ದರೆ ಬೇಡ ಅನ್ನಲು ನಾನು ಯಾರು? ಒಂದು ಸಲ ಚಿತ್ರದುರ್ಗದ ಕೋಟೆಗೆ ಆ ಪುಸ್ತಕ ತೆಗೆದುಕೊಂಡು ಹೋದೆ, ಬಂಡೆ ಮೇಲೆ ಕೂತು ಓದೋಣ ಅಂತ. ಹತ್ತು ನಿಮಿಷದಲ್ಲಿ ಕೋತಿಗಳು ಬಂದವು. ತಿಂಡಿಯ ಚೀಲ ಅವಕ್ಕೆ ಬಿಟ್ಟುಕೊಟ್ಟು ಪುಸ್ತಕ ಉಳಿಸಿಕೊಂಡೆ.

ಎಲ್ಲ ಪುಸ್ತಕವೂ ಹೀಗೆ ನಗುನಗುತ್ತಾ ಓದಿಸಿಕೊಳ್ಳುವುದಿಲ್ಲ. ‘ಶರಪಂಜರ’ ನೋಡಿದಾಗ ಜೋರಾಗಿ ಅತ್ತಿದ್ದೆ. ಕಲ್ಪನಾ ಹಾಗೆ ಅಳಿಸುತ್ತಾರೆ. ತ್ರಿವೇಣಿಯವರ ಕಾದಂಬರಿ ಓದಿದಾಗ ಅಳು ಬರಲಿಲ್ಲ, ಮಾತೇ ನಿಂತುಹೋಯಿತು. ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು ಮಾತ್ರ ವಾಸಿಯಾಗುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ತೆರೆಯ ಮೇಲೆ ಕಲ್ಪನಾ ಮುಖ ತುಂಬಿಕೊಂಡಿರುತ್ತದೆ, ನಾವು ಅವರನ್ನು ನೋಡುತ್ತೇವೆ. ಪುಸ್ತಕದಲ್ಲಿ ಕಾವೇರಿಯ ಕಡೆ ನಿಂತು ಸುತ್ತಲಿನವರ ಮುಖ ನೋಡುತ್ತೇವೆ. ಅದು ಜಾಸ್ತಿ ಕಷ್ಟ. ತ್ರಿವೇಣಿ ಮನಃಶಾಸ್ತ್ರ ಓದಿದ್ದವರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ‘ಬೆಳ್ಳಿಮೋಡ’ ಆಗಲಿ, ‘ಹಣ್ಣೆಲೆ ಚಿಗುರಿದಾಗ’ ಆಗಲಿ, 1971ರ ‘ಶರಪಂಜರ’ ಆಗಲಿ, ತಮ್ಮ ಕಾದಂಬರಿಯ ಈ ಸಿನಿಮಾಗಳನ್ನು ಅವರು ನೋಡಲೇ ಇಲ್ಲ. ನೋಡಿದ್ದರೆ ಏನನ್ನುತ್ತಿದ್ದರೋ. ಸಿನಿಮಾ ಸೇರಿಸಿದ ಒಂದನ್ನು ಮಾತ್ರ ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ. ಅದು ಬೇಂದ್ರೆಯವರ ‘ಉತ್ತರ ಧ್ರುವದಿಂ’. ಆ ಪದ್ಯವನ್ನು ಅಷ್ಟು ಜನರ ಬಾಯಿಗೆ ತಂದು ಹಾಕಿದ್ದು ಈ ಸಿನಿಮಾ.

ಕಾದಂಬರಿ ಸಿನಿಮಾ ಆದರೆ ಕತ್ತರಿ ಬೀಳುತ್ತದೆ. ಸಣ್ಣ ಕಥೆ ಸಿನಿಮಾ ಆದರೆ ಹೊಲಿಗೆ ಬೀಳುತ್ತದೆ. ಗೊರೂರರ ‘ಭೂತಯ್ಯನ ಮಗ ಅಯ್ಯು’ ಒಂದು ಸಂಜೆಯಲ್ಲಿ ಓದಿ ಮುಗಿಸುವ ಕಥೆ. ಸಿದ್ಧಲಿಂಗಯ್ಯ 1974ರಲ್ಲಿ ಅದನ್ನು ದೊಡ್ಡ ಸಿನಿಮಾ ಮಾಡಿದರು. ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ ನೆನೆಸಿಕೊಂಡರೆ ನನಗೆ ಈಗಲೂ ಬಾಯಲ್ಲಿ ನೀರು. ಇಂಥ ಕಡೆ ‘ಬಿಟ್ಟದ್ದು’ ಅನ್ನುವ ಗುರುತಿಗೆ ಕೆಲಸವೇ ಇರುವುದಿಲ್ಲ.

ನನ್ನ ನಿಯಮ ಒಂದೇ ಸಲ ಮುರಿದದ್ದು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯ ಕನ್ನಡ ರೂಪ ‘ಬೆಳದಿಂಗಳ ಬಾಲೆ’ಯನ್ನು ಮೊದಲೇ ಓದಿಬಿಟ್ಟಿದ್ದೆ. ಚೆಸ್ ಆಟಗಾರ ರೇವಂತ್‌ಗೆ ಫೋನಿನಲ್ಲಿ ಒಂದು ಹೆಣ್ಣುದನಿ ಸವಾಲು ಹಾಕುತ್ತದೆ, ನನ್ನನ್ನು ಹುಡುಕು ಅಂತ. ಆ ಹುಡುಗಿಗೆ ನಾನೇ ಒಂದು ಮುಖ ಕೊಟ್ಟುಕೊಂಡಿದ್ದೆ. 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಸಿನಿಮಾ ಮಾಡುತ್ತಾರೆ ಅಂದಾಗ ಎದೆ ಧಸಕ್ ಅಂದಿತು. ಯಾರನ್ನೋ ತಂದು ನಿಲ್ಲಿಸುತ್ತಾರೆ, ನನ್ನವಳು ಹೋದಳು ಅಂದುಕೊಂಡೆ. ನೋಡಲೋ ಬೇಡವೋ ಅಂತ ವಾರ ಕಳೆದೆ. ನೋಡಿದವರಿಗೆ ಗೊತ್ತು, ದೇಸಾಯಿ ಆ ಮುಖ ತೋರಿಸಲೇ ಇಲ್ಲ. ಅನಂತ್ ನಾಗ್ ಫೋನು ಹಿಡಿದು ಕೂತಿರುತ್ತಾರೆ, ಆ ಕಡೆ ಬರೀ ದನಿ. ನನ್ನ ಮುಖ ನನ್ನ ಹತ್ತಿರವೇ ಉಳಿಯಿತು. ಯಾವತ್ತಾದರೂ ಸಿಕ್ಕರೆ ಥ್ಯಾಂಕ್ಸ್ ಹೇಳಬೇಕು.

ಪುಸ್ತಕ ಹುಡುಕುವುದಕ್ಕೆ ನನ್ನ ಮೆಚ್ಚಿನ ಜಾಗ ಬೆಂಗಳೂರಿನ ಅವೆನ್ಯೂ ರಸ್ತೆ. ಸಿನಿಮಾ ಫೋಟೋ ಹಾಕಿದ ಹಳೆಯ ಮುದ್ರಣ ಸಿಕ್ಕರೆ ಬಿಡುವುದಿಲ್ಲ. ಅದಕ್ಕಿಂತ ಖುಷಿ ಕೊಡುವುದು ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತು ಬೈಂಡ್ ಮಾಡಿಸಿದ ಪ್ರತಿಗಳು. ಯಾವುದೋ ಮನೆಯ ಹೆಂಗಸು ವಾರವಾರ ಕಾದು, ಕತ್ತರಿಸಿ, ಜೋಡಿಸಿ ಇಟ್ಟದ್ದು. ಹಾಳೆಯ ಹಿಂದೆ ಅಡುಗೆ, ವಾರಭವಿಷ್ಯ, ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಒಂದರಲ್ಲಿ ಹನ್ನೆರಡನೇ ಕಂತೇ ಇರಲಿಲ್ಲ. ಆ ವಾರ ಪತ್ರಿಕೆಯನ್ನು ಯಾರೋ ಓದಲು ಒಯ್ದು ವಾಪಸ್ ಕೊಟ್ಟಿಲ್ಲ, ಗ್ಯಾರಂಟಿ.

ಮೊನ್ನೆ ಮಗಳು ‘ಡೇರ್‌ಡೆವಿಲ್ ಮುಸ್ತಾಫಾ’ ನೋಡಿದಳು. 2023ರ ಸಿನಿಮಾ, ತೇಜಸ್ವಿಯವರ ಓದುಗರೇ ದುಡ್ಡು ಹಾಕಿ ಮಾಡಿದ್ದು. ಎದ್ದವಳೇ ‘ಇದರ ಪುಸ್ತಕ ಇದೆಯಾ ಅಮ್ಮಾ?’ ಅಂದಳು. ಹದಿನೈದು ದಿನ ತಡಿ ಅನ್ನಬೇಕಿತ್ತು, ಬಾಯಿ ಬರಲಿಲ್ಲ. ‘ಅಬಚೂರಿನ ಪೋಸ್ಟಾಫೀಸು’ ತೆಗೆದುಕೊಟ್ಟೆ. ಆ ತೆಳು ಪುಸ್ತಕದ ಕಥೆಗಳಿಂದ ನಾಲ್ಕು ಸಿನಿಮಾ ಬಂದಿವೆ ಅಂತ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ, ಆಗಲೇ ಓದತೊಡಗಿದ್ದಳು. ನಾನು ಒಳಗೆ ಅನ್ನಕ್ಕಿಟ್ಟೆ. ಕುಕ್ಕರ್ ಇನ್ನೂ ಆರಿರಲಿಲ್ಲ, ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಕಥೆಯ ಕೊನೆಯ ಪುಟ ತೆರೆದು, ಮುಂದಿನ ಹಾಳೆ ತಿರುಗಿಸಿ, ಮತ್ತೆ ಹಿಂದಕ್ಕೆ ಬಂದು, ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

‘ಅಮ್ಮಾ, ಇದರಲ್ಲಿ ಹಾಳೆ ಏನಾದರೂ ಹೋಗಿದೆಯಾ?’