ನಿಂತ ಕಾರಿನ ಬ್ಯಾಟರಿ ಇಳಿಸುತ್ತಿದ್ದದ್ದು ಯಾವುದು?

ಕಾರನ್ನು ಎರಡು ದಿನ ತೆಗೆಯದಿದ್ದರೆ ಸಾಕು, ಮೂರನೆಯ ಬೆಳಿಗ್ಗೆ ಕೀ ತಿರುಗಿಸಿದಾಗ ಟಕ್ ಟಕ್ ಅನ್ನುವುದೊಂದೇ ಸದ್ದು, ಸೆಲ್ಫ್ ತಿರುಗುತ್ತಲೇ ಇರಲಿಲ್ಲ. ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡು ಹೊಸದು ಹಾಕಿಸಿದೆ. ಅದೂ ಮೂರನೆಯ ದಿನಕ್ಕೆ ಮಲಗಿತು. ಮೀಟರ್ ಹಿಡಿದರೆ 11.8 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ, 11.8 ಅಂದರೆ ಹೆಚ್ಚುಕಮ್ಮಿ ತಳ. ಎಂಜಿನ್ ಓಡುವಾಗ 14.1 ಬರುತ್ತಿತ್ತು, ಚಾರ್ಜಿಂಗ್ ಸರಿಯಾಗಿದೆ ಅಂತ ಅಲ್ಲಿಗೆ ಬಿಟ್ಟೆ. ನನ್ನನ್ನು ದಾರಿ ತಪ್ಪಿಸಿದ್ದು ಇದೇ ಅಂಕಿ.

ಬ್ಯಾಟರಿ ಚಾರ್ಜ್ ಮಾಡಿ ಹುಡುಕಲು ಕೂತೆ. ಮೈನಸ್ ಟರ್ಮಿನಲ್ ಕಳಚಿ, ಬ್ಯಾಟರಿಯ ಆ ಕಂಬಕ್ಕೂ ಕಳಚಿದ ಕೇಬಲ್ಲಿಗೂ ನಡುವೆ ಮಲ್ಟಿಮೀಟರ್ ಸೇರಿಸಿ ಕರೆಂಟ್ ಅಳೆಯಬೇಕು. ಕೇಳಲು ಸುಲಭ. ಆದರೆ ಕೇಬಲ್ ಒಮ್ಮೆ ಪೂರ್ತಿ ಬಿಟ್ಟು ಮತ್ತೆ ತಾಗಿದರೆ ಕಾರಿನ ಕಂಪ್ಯೂಟರುಗಳೆಲ್ಲ ಎಚ್ಚರವಾಗುತ್ತವೆ. ಅದಕ್ಕೇ ಮೀಟರಿನ ಒಂದು ವೈರನ್ನು ಕಂಬಕ್ಕೆ, ಇನ್ನೊಂದನ್ನು ಕ್ಲಾಂಪಿಗೆ ಮೊದಲೇ ಕ್ಲಿಪ್ ಹಾಕಿ, ಆಮೇಲೆ 10ರ ಸ್ಪ್ಯಾನರಿನಿಂದ ನಟ್ ಸಡಿಲಿಸಿ ಕ್ಲಾಂಪನ್ನು ಮೆಲ್ಲಗೆ ಮೇಲಕ್ಕೆಳೆದೆ. ಕೆಂಪು ವೈರು 10 ಆಂಪಿಯರ್ ತೂತಿನಲ್ಲೇ ಇರಬೇಕು. ಮೀಟರ್ ಹೀಗೆ ಕೂತಿರುವಾಗ ಯಾರೂ ಸೆಲ್ಫ್ ಹೊಡೆಯಬಾರದು, ಹೊಡೆದರೆ ಮೀಟರಿನ ಫ್ಯೂಸ್ ಹೋಯಿತೆಂದೇ ಲೆಕ್ಕ.

ಒಳಗಿನ ಫ್ಯೂಸ್ ಬಾಕ್ಸಿಗೆ ಕೈ ಹಾಕಲು ಬಾಗಿಲು ತೆರೆದೇ ಇರಬೇಕು, ಕಾರಿಗೆ ಮಾತ್ರ ಮುಚ್ಚಿದೆ ಅನ್ನಿಸಬೇಕು. ಬಾಗಿಲಿನ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಎರಡು ಸಲ ಕಟ್ ಕಟ್ ಅನ್ನಿಸಿದೆ, ಒಳಗಿನ ದೀಪ ಆರಿತು. (ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಕ್ಕೆ ಬಿಡಿಸದೆ ಬಾಗಿಲು ತಳ್ಳಬೇಡಿ, ಲಾಕ್ ಜಖಂ ಆಗುತ್ತದೆ.)

ಆಮೇಲೆ ಕಂಪ್ಯೂಟರುಗಳೆಲ್ಲ ನಿದ್ದೆಗೆ ಜಾರುವವರೆಗೆ ಕಾಯುವ ಕೆಲಸ. ಇಲ್ಲಿ ಅವಸರಪಟ್ಟವರೇ ಎಡವುವುದು. ಮೊದಲು 3 ಆಂಪಿಯರ್ ಇದ್ದದ್ದು ಸ್ವಲ್ಪ ಹೊತ್ತಿಗೆ 1.2ಕ್ಕೆ ಬಂತು. ಇಪ್ಪತ್ತೈದು ನಿಮಿಷಕ್ಕೆ 0.62ಕ್ಕೆ ಇಳಿದು ಅಲ್ಲೇ ನಿಂತಿತು. ಇನ್ನೂ ಅರ್ಧ ಗಂಟೆ ಕಾದೆ, ಕದಲಲಿಲ್ಲ. ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್ ಎಲ್ಲ ಸೇರಿ ನಿಂತ ಕಾರು ಸಾಮಾನ್ಯವಾಗಿ 0.02ರಿಂದ 0.05 ಆಂಪಿಯರ್ ಎಳೆಯುತ್ತದೆ. ನನ್ನದು 45 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 1 ಆಂಪಿಯರ್ ಎಳೆದರೆ ಲೆಕ್ಕಕ್ಕೆ 45 ಗಂಟೆ ಬರುವಂಥದ್ದು. 0.62ರ ಲೆಕ್ಕದಲ್ಲಿ ಮೂರು ದಿನಕ್ಕೆ ಪೂರ್ತಿ ಖಾಲಿ. ನನಗಾಗುತ್ತಿದ್ದದ್ದಕ್ಕೆ ಲೆಕ್ಕ ತಾಳೆಯಾಯಿತು.

ಮೊದಲು ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಅದು ನಾನು ಮಾಡಿದ ತಪ್ಪು. ಕಿತ್ತ ಫ್ಯೂಸನ್ನು ಮತ್ತೆ ಹಾಕಿದೊಡನೆ ಯಾವುದೋ ಕಂಪ್ಯೂಟರ್ ಎದ್ದು ಅಂಕಿ 2ಕ್ಕೆ ಹಾರುತ್ತಿತ್ತು, ಮತ್ತೆ ಕಾಯಬೇಕು. ಅದನ್ನು ಬಿಟ್ಟು ಇನ್ನೊಂದು ಮೀಟರ್ ತಂದು ಮಿಲಿವೋಲ್ಟಿಗೆ ತಿರುಗಿಸಿದೆ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಸಾಸಿವೆಯಷ್ಟು ಎರಡು ಲೋಹದ ಚುಕ್ಕಿಗಳು ಕಾಣುತ್ತವೆ. ಎರಡಕ್ಕೂ ಮೀಟರಿನ ಮೊನೆ ತಾಗಿಸಿದರೆ, ಕರೆಂಟ್ ಹರಿಯುತ್ತಿದ್ದರೆ ಚೂರಾದರೂ ಮಿಲಿವೋಲ್ಟ್ ಬರುತ್ತದೆ, ಇಲ್ಲದಿದ್ದರೆ ಸೊನ್ನೆ. ಏನನ್ನೂ ಕೀಳಬೇಕಿಲ್ಲ, ಕಾರಿನ ನಿದ್ದೆ ಕೆಡುವುದಿಲ್ಲ. ಈ ವಿಧಾನ ಗೊತ್ತಾದ ಮೇಲೆ ಫ್ಯೂಸ್ ಕೀಳುವುದನ್ನೇ ನಿಲ್ಲಿಸಿದ್ದೇನೆ.

ಒಳಗಿನ ಬಾಕ್ಸ್, ಬಾನೆಟ್ಟಿನಡಿಯ ಬಾಕ್ಸ್ ಎರಡನ್ನೂ ಮುಗಿಸಿದೆ. ಎಲ್ಲೂ 0.62ಕ್ಕೆ ಸಮನಾದದ್ದು ಸಿಗಲಿಲ್ಲ. ಡಿಕ್ಕಿಯ ದೀಪ, ಆಮೇಲೆ ಹಾಕಿಸಿದ ಸ್ಟೀರಿಯೋ, ನಾನು ಅನುಮಾನಪಟ್ಟ ಎರಡೂ ನಿರಪರಾಧಿಗಳು. ಅಂದಮೇಲೆ ಕರೆಂಟ್ ಹೋಗುತ್ತಿದ್ದದ್ದು ಈ ಚಿಕ್ಕ ಫ್ಯೂಸುಗಳನ್ನು ದಾಟದ ದಾರಿಯಲ್ಲಿ. ಅಂಥ ದಪ್ಪ ಕೇಬಲ್ ಎರಡು: ಒಂದು ಸೆಲ್ಫ್ ಮೋಟರಿಗೆ, ಇನ್ನೊಂದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ.

ರಾತ್ರಿಯಿಡೀ ನಿಂತ ಕಾರು. ಎಂಜಿನ್ ಮುಟ್ಟಿದೆ, ಕಲ್ಲಿನ ಹಾಗೆ ತಣ್ಣಗಿತ್ತು. ಕೈ ಕೆಳಗಿಳಿಸಿ ಆಲ್ಟರ್ನೇಟರಿನ ಬೆನ್ನು ಮುಟ್ಟಿದರೆ ಉಗುರು ಬೆಚ್ಚಗೆ! ಓಡದ ಯಂತ್ರ ಬೆಚ್ಚಗಿರಲು ಕಾರಣವೇ ಇಲ್ಲ. ಒಳಗಿನ ಡಯೋಡುಗಳು ಕರೆಂಟನ್ನು ಬ್ಯಾಟರಿಯತ್ತ ಮಾತ್ರ ಬಿಡಬೇಕು. ಒಂದು ಸೋರಲು ಶುರುವಾದರೆ ನಿಂತ ಕಾರಿನಲ್ಲಿ ಕರೆಂಟ್ ಹಿಂದಕ್ಕೆ ಹರಿಯುತ್ತದೆ, ಎಂಜಿನ್ ಓಡುವಾಗ ಚಾರ್ಜಿಂಗ್ ಮಾತ್ರ ಸರಿಯಿದ್ದಂತೆಯೇ ಕಾಣಬಹುದು.

ಖಚಿತಪಡಿಸಿಕೊಳ್ಳಲು ಬ್ಯಾಟರಿಯ ಮೈನಸ್ ಪೂರ್ತಿ ಕಳಚಿ, ಆಲ್ಟರ್ನೇಟರಿನ ದಪ್ಪ ವೈರನ್ನು ಬಿಚ್ಚಿ ತುದಿಗೆ ಟೇಪ್ ಸುತ್ತಿದೆ. ಮತ್ತೆ ಮೀಟರ್, ಮತ್ತೆ ಅರ್ಧ ಗಂಟೆ. 0.03. ಆ ಅಂಕಿಯನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ.

ಡಯೋಡ್ ಪ್ಲೇಟ್ ಬದಲಿಸಿಕೊಟ್ಟದ್ದು ಆಟೋ ಎಲೆಕ್ಟ್ರಿಷಿಯನ್, ಆ ಬೆಸುಗೆ ನನ್ನ ಕೈಲಾಗುವ ಕೆಲಸವಲ್ಲ. ಹಾಕಿದ ಮೇಲೆ ಇನ್ನೊಮ್ಮೆ ಅಳೆದೆ, 0.03ರಲ್ಲೇ ನಿಂತಿತು. ಎರಡು ಸಲ ತಳ ಕಂಡ ಹೊಸ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ರಾತ್ರಿಯಿಡೀ ನಿಧಾನವಾಗಿ ತುಂಬಿಸಿದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿನಿಂದ ವೋಲ್ಟಿನದಕ್ಕೆ ಬದಲಿಸಿದ ಮೇಲೆಯೇ ವೋಲ್ಟ್ ನೋಡಿದೆ. ಹಾಗೆ ಬದಲಿಸದೆ ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್.