ವೆಬ್ ಅರ್ಜಿಯ ಜೊತೆ ಬರುವ ಫೈಲನ್ನು ಸರ್ವರಿನಲ್ಲಿ ಸ್ವೀಕರಿಸುವುದು ಹೇಗೆ?

ವಿದ್ಯಾರ್ಥಿನಿಲಯದ ಪ್ರವೇಶಕ್ಕೆ ಆನ್‌ಲೈನ್ ಅರ್ಜಿ ಸಿದ್ಧಪಡಿಸುತ್ತಿದ್ದೀರಿ ಎಂದುಕೊಳ್ಳೋಣ. ಹೆಸರು, ವಿಳಾಸಗಳನ್ನು ಪಡೆದು ಡೇಟಾಬೇಸಿಗೆ ಸೇರಿಸುವ ಕೆಲಸ ಸುಲಭವಾಗಿಯೇ ಮುಗಿಯುತ್ತದೆ. ಆದರೆ ಭಾವಚಿತ್ರ ಮತ್ತು ಅಂಕಪಟ್ಟಿಯ ಪ್ರತಿಯನ್ನೂ ಲಗತ್ತಿಸಬೇಕೆಂದು ಕೇಳಿದ ಕ್ಷಣದಿಂದ, ಮುಖಪರಿಚಯವಿಲ್ಲದ ಯಾರು ಬೇಕಾದರೂ ತಮಗೆ ಇಷ್ಟಬಂದ ಫೈಲನ್ನು ನಿಮ್ಮ ಸರ್ವರಿನ ಡಿಸ್ಕಿನ ಮೇಲೆ ತಂದಿರಿಸಬಹುದು. ಈ ಬಾಗಿಲನ್ನು ಎಷ್ಟು ತೆರೆಯಬೇಕು, ಒಳಬಂದದ್ದನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಪಿಎಚ್‌ಪಿ ಭಾಷೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಫಾರ್ಮನ್ನು ನೋಡಿ. ಅದರ ಮೆಥಡ್ ‘ಪೋಸ್ಟ್’ ಆಗಿರಬೇಕು, ಮಾಹಿತಿಯನ್ನು ಯಾವ ರೂಪದಲ್ಲಿ ಕಳುಹಿಸಬೇಕೆಂದು ಹೇಳುವ ಎನ್‌ಕ್‌ಟೈಪ್ ‘ಮಲ್ಟಿಪಾರ್ಟ್ ಫಾರ್ಮ್-ಡೇಟಾ’ ಆಗಿರಬೇಕು. 1995ರ ನವೆಂಬರಿನಲ್ಲಿ ಆರ್‌ಎಫ್‌ಸಿ 1867 ಎಂಬ ದಾಖಲೆಯು ರೂಪಿಸಿದ ಈ ವಿಧಾನದಲ್ಲಿ ಅರ್ಜಿಯ ಒಂದೊಂದು ಅಂಶವೂ ಪ್ರತ್ಯೇಕ ಭಾಗವಾಗಿ, ನಡುನಡುವೆ ಗಡಿಗೆರೆಯಂತಹ ಒಂದು ಸಾಲಿನೊಡನೆ, ಸಾಲಾಗಿ ಹರಿದುಬರುತ್ತದೆ. ಎನ್‌ಕ್‌ಟೈಪ್ ಬರೆಯಲು ಮರೆತರೆ ಫೈಲಿನ ಹೆಸರಷ್ಟೇ ಬರುತ್ತದೆ, ಒಳಗಿನ ವಿಷಯ ಬರುವುದಿಲ್ಲ. ಹೊಸಬರು ಗಂಟೆಗಟ್ಟಲೆ ತಡಕಾಡುವುದು ಹೆಚ್ಚಾಗಿ ಇದೊಂದರಿಂದಲೇ.

ಎರಡನೆಯದು ಗಾತ್ರದ ಮಿತಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಅರ್ಜಿಯ ಕೊನೆಯ ದಿನ ಸಂಜೆ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, “ಸರ್, ಎಲ್ಲಾ ತುಂಬಿದೀನಿ, ಆದ್ರೂ ಹೆಸರು ತುಂಬಿಲ್ಲ ಅಂತಾನೇ ಬರ್ತಿದೆ, ಮೂರು ಸಲ ಮಾಡ್ದೆ” ಎಂದಳು. ತಪ್ಪು ಅವಳದಾಗಿರಲಿಲ್ಲ. ಮೊಬೈಲಿನಲ್ಲಿ ತೆಗೆದ ಮೂರು ಫೋಟೊಗಳು ಸೇರಿ 8 ಎಂಬಿ ದಾಟಿದ್ದವು. ಪಿಎಚ್‌ಪಿಯ ಮೂಲ ಸಂಯೋಜನೆಯಲ್ಲಿ ಒಂದು ಫೈಲಿಗೆ 2 ಎಂಬಿ, ಇಡೀ ಅರ್ಜಿಗೆ 8 ಎಂಬಿ ಮಿತಿಯಿರುತ್ತದೆ. ಒಂದು ಫೈಲ್ ಮಾತ್ರ ಮಿತಿ ಮೀರಿದರೆ ಅದಕ್ಕೊಂದು ದೋಷಸಂಖ್ಯೆ ಸಿಗುತ್ತದೆ. ಇಡೀ ಅರ್ಜಿಯೇ ಮಿತಿ ಮೀರಿದರೆ ಫೈಲುಗಳ ಜೊತೆಗೆ ತುಂಬಿದ ಹೆಸರು, ವಿಳಾಸಗಳೂ ನಿಮ್ಮ ಪ್ರೋಗ್ರಾಮಿಗೆ ಖಾಲಿಯಾಗಿಯೇ ಕಾಣುತ್ತವೆ. ಆದ್ದರಿಂದ ಬೇರೆ ಯಾವ ಪರಿಶೀಲನೆಗೂ ಮುನ್ನ, ಬಂದ ಮನವಿಯ ಉದ್ದ ಸೊನ್ನೆಗಿಂತ ಹೆಚ್ಚಿದ್ದೂ ಒಳಗೆ ಏನೂ ಇಲ್ಲವೇ ಎಂದು ನೋಡಿ, ಹಾಗಿದ್ದರೆ “ಫೋಟೊಗಳ ಒಟ್ಟು ಗಾತ್ರ ಹೆಚ್ಚಾಗಿದೆ, ಚಿಕ್ಕದು ಮಾಡಿ ಕಳುಹಿಸಿ” ಎಂದು ಸರಳ ಕನ್ನಡದಲ್ಲಿ ತಿಳಿಸಿ. ಪಿಎಚ್‌ಪಿಯ ಎದುರಿನಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ ಅದರ ಮೂಲಮಿತಿ 1 ಎಂಬಿ ಮಾತ್ರ. ಅದನ್ನೂ ಏರಿಸದಿದ್ದರೆ ಅರ್ಜಿ ಪಿಎಚ್‌ಪಿಯನ್ನು ತಲುಪುವ ಮೊದಲೇ 413 ಎಂಬ ದೋಷದೊಡನೆ ಹಿಂದಿರುಗುತ್ತದೆ.

ಫೈಲ್ ಬಂದು ತಲುಪಿದ ಮೇಲೆ ಪಿಎಚ್‌ಪಿ ಅದನ್ನು ತಾತ್ಕಾಲಿಕ ಜಾಗದಲ್ಲಿರಿಸಿ, ಅದರ ಹೆಸರು, ಬಗೆ, ಗಾತ್ರ, ತಾತ್ಕಾಲಿಕ ವಿಳಾಸ ಮತ್ತು ದೋಷಸಂಖ್ಯೆಗಳನ್ನು ನಿಮ್ಮ ಕೈಗೆ ಕೊಡುತ್ತದೆ. ದೋಷಸಂಖ್ಯೆಯನ್ನೇ ಮೊದಲು ಓದಿ: 0 ಎಂದರೆ ಸರಿಯಾಗಿ ಬಂದಿದೆ, 1 ಎಂದರೆ ಸರ್ವರಿನ ಮಿತಿ ಮೀರಿದೆ, 3 ಎಂದರೆ ಅರ್ಧಕ್ಕೇ ನಿಂತಿದೆ, 4 ಎಂದರೆ ಫೈಲನ್ನೇ ಆಯ್ದಿಲ್ಲ. ಹಳ್ಳಿಯ ನೆಟ್‌ವರ್ಕಿನಿಂದ ಅರ್ಜಿ ಹಾಕುವವರಿಗೆ ಮೂರನೆಯದು ಎದುರಾಗಬಹುದಾದ್ದರಿಂದ, ತುಂಬಿದ ಉಳಿದ ವಿವರಗಳನ್ನು ಫಾರ್ಮಿನಲ್ಲೇ ಉಳಿಸಿ ಫೈಲನ್ನಷ್ಟೇ ಮತ್ತೆ ಕೇಳುವುದು ಒಳ್ಳೆಯದು.

ಇಲ್ಲಿ ಬಹಳ ಎಚ್ಚರ ಬೇಕಾದ ಮಾತೊಂದಿದೆ. ಹೆಸರು ಮತ್ತು ಬಗೆ ಎರಡೂ ಕಳುಹಿಸಿದವರ ಹೇಳಿಕೆಗಳಷ್ಟೇ, ಅವುಗಳನ್ನು ಸುಳ್ಳಾಗಿ ಬರೆದು ಕಳುಹಿಸುವುದು ಅತಿ ಸುಲಭ. ನಿಜವಾದ ಬಗೆಯನ್ನು ತಿಳಿಯಲು ಫೈಲಿನ ಒಳಗನ್ನೇ ಓದುವ ‘ಫೈಲ್‌ಇನ್ಫೊ’ ಸೌಲಭ್ಯವನ್ನು ಬಳಸಿ. ಜೆಪೆಗ್ ಚಿತ್ರ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತದೆ, ಪಿಎನ್‌ಜಿ ಮತ್ತು ಪಿಡಿಎಫ್‌ಗಳಿಗೂ ಅವುಗಳದೇ ಮೊದಲ ಗುರುತುಗಳಿವೆ. ಆದರೆ ಆರಂಭದ ಬೈಟ್‌ಗಳು ಸರಿಯಿದ್ದೂ ಚಿತ್ರದ ಹೊಟ್ಟೆಯಲ್ಲಿ ಪಿಎಚ್‌ಪಿ ಕೋಡ್ ಅಡಗಿರಬಹುದು. ಆ ಫೈಲಿನ ಹೆಸರಿನ ಕೊನೆಗೆ ಪಿಎಚ್‌ಪಿ ಎಂಬ ಎಕ್ಸ್‌ಟೆನ್ಶನ್ ಇದ್ದು, ಅದು ವೆಬ್ ಫೋಲ್ಡರಿನಲ್ಲೇ ಇದ್ದರೆ, ಅದರ ವಿಳಾಸವನ್ನು ಬ್ರೌಸರಿನಲ್ಲಿ ಟೈಪಿಸಿದವರ ಕೈಗೆ ಸರ್ವರ್ ಸಿಕ್ಕಂತೆಯೇ. ಹಾಗಾಗಿ ಜೆಪೆಗ್, ಪಿಎನ್‌ಜಿ, ಪಿಡಿಎಫ್ ಇವಷ್ಟಕ್ಕೇ ಅನುಮತಿ ಕೊಟ್ಟು, ಪತ್ತೆಯಾದ ಬಗೆಗೆ ತಕ್ಕ ಎಕ್ಸ್‌ಟೆನ್ಶನ್ನನ್ನು ನೀವೇ ಹಚ್ಚಿ. ಎಸ್‌ವಿಜಿ ಚಿತ್ರದೊಳಗೆ ಸ್ಕ್ರಿಪ್ಟ್ ಇರಬಹುದಾದ್ದರಿಂದ ಅದನ್ನು ಸೇರಿಸಬೇಡಿ. ಭಾವಚಿತ್ರವನ್ನು ಪಿಎಚ್‌ಪಿಯಲ್ಲಿ ಚಿತ್ರಗಳನ್ನು ನಿರ್ವಹಿಸುವ ಜಿಡಿ ಲೈಬ್ರರಿಯಿಂದ ತೆರೆದು ಹೊಸದಾಗಿ ಉಳಿಸಿದರೆ, ಫೋಟೊ ತೆಗೆದ ಸ್ಥಳವನ್ನು ಹೇಳುವ ಎಕ್ಸಿಫ್ ಮಾಹಿತಿಯೂ ಅಳಿಸಿಹೋಗುತ್ತದೆ. ವಿದ್ಯಾರ್ಥಿಯ ಮನೆ ಎಲ್ಲಿದೆ ಎಂಬುದು ಫೋಟೊದೊಡನೆ ನಮಗೆ ಬರಬೇಕಾಗಿಲ್ಲ.

ಹೆಸರಿನ ವಿಷಯದಲ್ಲಿ ಕನ್ನಡದವರಿಗೆ ಇನ್ನೊಂದು ಸೂಕ್ಷ್ಮವಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಅಂಕಪಟ್ಟಿ’ ಎಂಬ ಪದದಲ್ಲಿ ಅನುಸ್ವಾರ, ಒತ್ತಕ್ಷರ ಮೂಡಿಸುವ ವಿರಾಮ (್), ಗುಡಿಸು ಸೇರಿ 8 ಸಂಕೇತಗಳಿರುವುದರಿಂದ ಅದೊಂದೇ 24 ಬೈಟ್ ಹಿಡಿಯುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ, ಅಂದರೆ ಕನ್ನಡದ 85 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ಇದಲ್ಲದೆ ಇಬ್ಬರು ಒಂದೇ ಹೆಸರಿನ ಫೈಲ್ ಕಳುಹಿಸಿದರೆ ಒಂದರ ಮೇಲೊಂದು ಬರೆದುಹೋಗುತ್ತದೆ. ಎರಡಕ್ಕೂ ಪರಿಹಾರವಾಗಿ, 16 ಯಾದೃಚ್ಛಿಕ ಬೈಟ್‌ಗಳಿಂದ 32 ಅಕ್ಷರಗಳ ಹೆಸರೊಂದನ್ನು ಸರ್ವರಿನಲ್ಲೇ ಹುಟ್ಟಿಸಿ ಡಿಸ್ಕಿಗೆ ಅದನ್ನೇ ಬಳಸಿ. ವಿದ್ಯಾರ್ಥಿ ಕೊಟ್ಟ ಕನ್ನಡದ ಹೆಸರನ್ನು ಡೇಟಾಬೇಸಿನಲ್ಲಿ ಇಟ್ಟುಕೊಂಡು, ತೆರೆಯ ಮೇಲೆ ಹಾಗೆಯೇ ತೋರಿಸಿ.

ಇನ್ನು ಫೈಲನ್ನು ಅದರ ಸ್ಥಾನಕ್ಕೆ ಸೇರಿಸಬೇಕು. ಬ್ರೌಸರಿಗೆ ನೇರವಾಗಿ ಕಾಣುವ ಫೋಲ್ಡರಿನ ಹೊರಗೆ ಒಂದು ಜಾಗ ಮಾಡಿ, ‘ಮೂವ್ ಅಪ್‌ಲೋಡೆಡ್ ಫೈಲ್’ ಎಂಬ ಫಂಕ್ಷನ್ನಿನಿಂದಲೇ ಅಲ್ಲಿಗೆ ಸಾಗಿಸಿ. ಆ ಫೈಲ್ ನಿಜವಾಗಿಯೂ ಫಾರ್ಮಿನ ಮೂಲಕ ಬಂದದ್ದೇ ಎಂದು ಅದು ಪರೀಕ್ಷಿಸುತ್ತದೆ. ಮನವಿ ಮುಗಿದೊಡನೆ ತಾತ್ಕಾಲಿಕ ಪ್ರತಿ ಅಳಿಸಿಹೋಗುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಸಾಗಿಸಲು ಆಗುತ್ತಿಲ್ಲವೆಂದು ಫೋಲ್ಡರಿಗೆ 777 (ಯಾರು ಬೇಕಾದರೂ ಓದಿ ಬರೆಯಬಹುದು ಎಂಬ) ಅನುಮತಿ ಕೊಡುವ ಅಭ್ಯಾಸ ಬೇಡ, ಅದರ ಒಡೆತನವನ್ನು ಸರಿಪಡಿಸಿ. ಅಂಕಪಟ್ಟಿಯನ್ನು ನೋಡಬೇಕಾದ ಸಿಬ್ಬಂದಿಗೆ ಒಂದು ಚಿಕ್ಕ ಪ್ರೋಗ್ರಾಮ್ ಅದನ್ನು ತಂದುಕೊಡಲಿ: ಅದು ಲಾಗಿನ್ ಪರಿಶೀಲಿಸಿ, ಸರಿಯಾದ ಬಗೆಯನ್ನು ನಮೂದಿಸಿ, ಬಗೆಯನ್ನು ತಾನೇ ಊಹಿಸಬೇಡವೆಂದು ಬ್ರೌಸರಿಗೆ ಹೇಳುವ ‘ನೋಸ್ನಿಫ್’ ಹೆಡರಿನೊಡನೆ ಫೈಲನ್ನು ಕಳುಹಿಸಲಿ.

ಅರ್ಜಿಯನ್ನು ಸಾರ್ವಜನಿಕರಿಗೆ ತೆರೆಯುವ ಹಿಂದಿನ ದಿನ ನೀವೇ ಕುಳಿತು ಖಾಲಿ ಫೈಲ್, 10 ಎಂಬಿಯ ಫೋಟೊ, ಉದ್ದನೆಯ ಕನ್ನಡ ಹೆಸರಿನ ಪಿಡಿಎಫ್ ಮತ್ತು ಜೆಪೆಗ್ ಎಂದು ಹೆಸರು ಬದಲಿಸಿದ ಪಿಎಚ್‌ಪಿ ಫೈಲ್ ಇವು ನಾಲ್ಕನ್ನೂ ಕಳುಹಿಸಿ ನೋಡಿ. ಮೂರನೆಯದು ಮಾತ್ರ ಒಳಗೆ ಸೇರಬೇಕು. ಉಳಿದ ಮೂರಕ್ಕೂ ಏನು ತಪ್ಪಾಗಿದೆ, ಮುಂದೆ ಏನು ಮಾಡಬೇಕು ಎಂಬ ಉತ್ತರ ತೆರೆಯ ಮೇಲೆ ಬರಬೇಕು.